ಹಡಗಿನಲ್ಲಿ ಡ್ರೈವರ್ ಹಿಂದಿನ ಸೀಟು

ಹೊಟ್ಟೆ ತೊಳಸುವ ಜನಕ್ಕೂ ನನಗೂ ಅದೇನು ಋಣಾನುಬಂಧವೋ ಗೊತ್ತಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ತಾಲ್ಲೂಕಿನಲ್ಲಿ ಯಾರಿಗೆ ವಾಂತಿ ಬರುವುದಿದ್ದರೂ ಅವರು ನನ್ನ ಬಸ್ಸನ್ನೇ ಹುಡುಕಿಕೊಂಡು ಬಂದು ಹತ್ತುತ್ತಿದ್ದರು. ನಿವೃತ್ತಿಯಾದ ಮೇಲಾದರೂ ಈ ಕಾಟ ತಪ್ಪೀತು ಅಂದುಕೊಂಡಿದ್ದೆ. ತಪ್ಪಲಿಲ್ಲ. ರಸ್ತೆಯ ಮೇಲೆ ಆಗಿದ್ದು ಸಾಲದು ಅಂತ ಸಮುದ್ರದವರೆಗೂ ಬಂತು.

೧. ಟವೆಲ್ಲು

ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ನನ್ನ ರೂಟು. ಹಳ್ಳ, ದಿಣ್ಣೆ, ನಾಲೆ ಏರಿ, ಕಬ್ಬಿನ ಟ್ರಾಕ್ಟರುಗಳ ನಡುವೆ ನುಗ್ಗುವ ರಸ್ತೆ. ಆ ರಸ್ತೆಯಲ್ಲಿ ನಿಂತು ನಿಂತು ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ. ವಾಂತಿ ಬರುವವರು ಮುಂದೆ ಕೂರಬೇಕು, ಕಿಟಕಿ ಪಕ್ಕ ಕೂರಬೇಕು, ರಸ್ತೆಯನ್ನೇ ನೋಡಬೇಕು. ಚಕ್ರದ ಮೇಲಿನ ಸೀಟು ಕೂಡದು, ಹಿಂದಿನ ಉದ್ದ ಸೀಟಂತೂ ಕೂಡಲೇಕೂಡದು. ಡ್ರೈವರ್ ಹಿಂದಿನ ಕಿಟಕಿ ಸೀಟನ್ನು ಇಂಥವರಿಗೆಂದೇ ಕಾದಿಡುತ್ತಿದ್ದೆ. ಯಾರಾದರೂ ಮಂತ್ರಿಯ ಕಡೆಯವನು ಅಂತ ಹೇಳಿಕೊಂಡು ಬಂದರೂ, "ನಿಮಗೆ ವಾಂತಿ ಬರುತ್ತಾ? ಇಲ್ವಾ? ಹಾಗಾದ್ರೆ ಹಿಂದೆ ಹೋಗಿ" ಅನ್ನುತ್ತಿದ್ದೆ.

ಒಂದು ದಿನ ಪಾಂಡವಪುರದಲ್ಲಿ ಬೀಗರೂಟ ಮುಗಿಸಿಕೊಂಡು ಒಬ್ಬ ದಪ್ಪ ಮೀಸೆಯವನು ಹತ್ತಿದ. ಬೀಗರೂಟ ಅಂದಮೇಲೆ ಕೇಳಬೇಕೆ? ಕತ್ತಿನವರೆಗೂ ಬಾಡು ತುಂಬಿಕೊಂಡು ಬಂದಿದ್ದ. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಡ್ರೈವರ್ ಹಿಂದೆ ಕೂರಿಸಿ, ಕೈಗೊಂದು ಹೊಸ ಪ್ಲಾಸ್ಟಿಕ್ ಕವರ್ ಕೊಟ್ಟು, ಟಿಕೆಟ್ ಕೊಡಲು ಹಿಂದಕ್ಕೆ ಹೋದೆ.

ಕಿರಂಗೂರು ಹತ್ತಿರ ಬಂದಾಗ ಮುಂದಿನಿಂದ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಸೀಟಿನ ಹಿಂದಿನ ಕಂಬಿಗೆ ಡ್ರೈವರನ ಟವೆಲ್ಲು ನೇತು ಹಾಕಿರುತ್ತಿತ್ತು. ಮೀಸೆಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕೆಲಸ ಪೂರೈಸಿ, ಮಡಿಚಿ, ಇದ್ದ ಜಾಗಕ್ಕೇ ಹಾಕುತ್ತಿದ್ದ.

ನಾನು ಜನರನ್ನು ತಳ್ಳಿಕೊಂಡು ಅರ್ಧ ಬಸ್ಸು ದಾಟಿ, "ಕವರ್ ಕೊಟ್ಟಿದ್ನಲ್ಲಯ್ಯ, ಏನ್ಮಾಡ್ದೆ?" ಅಂತ ಕೂಗಿದೆ.

"ಐತೆ ಸಾ, ಜೋಬಲ್ಲೈತೆ. ಒಸ ಕವರು, ಯಾಕ್ ಆಳ್ಮಾಡದು ಅಂತ ಮಡಗ್ಕಂಡೆ" ಅಂದ.

ಅಷ್ಟರಲ್ಲಿ ಡ್ರೈವರ್‌ಗೆ ಬೆವರು ಬಂತು. ಅವನಿಗೊಂದು ಅಭ್ಯಾಸ. ಕಣ್ಣು ರಸ್ತೆಯ ಮೇಲಿಟ್ಟು, ಎಡಗೈಯನ್ನು ಮಾತ್ರ ಹಿಂದಕ್ಕೆ ಚಾಚಿ ಟವೆಲ್ಲು ಎಳೆದು ಮುಖ ಒರೆಸಿಕೊಳ್ಳುವುದು. ಕೈ ಹಿಂದಕ್ಕೆ ಬರುತ್ತಿದೆ. ಬೆರಳು ಕಂಬಿಯನ್ನು ತಡಕುತ್ತಿದೆ. ನನಗಿನ್ನೂ ಐದು ಸೀಟು ದೂರ. ಬೇರೆ ದಾರಿ ಕಾಣದೆ ಸೀಟಿ ಬಾಯಿಗಿಟ್ಟು ಜೀವ ಹೋಗುವ ಹಾಗೆ ಊದಿದೆ. ಸೀಟಿ ಕೇಳಿದ್ದೇ ತಡ, ಅವನ ಕೈ ತಾನಾಗಿ ಗೇರಿಗೆ ಹೋಯಿತು. ಬಸ್ಸು ನಿಂತಿತು.

"ಯಾರ್ಲಾ ಇಲ್ಲಿ ಇಳಿಯೋರು?" ಅಂದ ಡ್ರೈವರ್.

"ನಿನ್ನ ಟವೆಲ್ಲು" ಅಂದೆ.

೨. ಮನೆಯೊಳಗಿನ ಪ್ಯಾಸೆಂಜರು

ಇಷ್ಟೆಲ್ಲ ಕಾನೂನು ಮಾಡಿದ ನನಗೆ ಸಿಕ್ಕ ಹೆಂಡತಿ ಎಂಥವಳು ಅಂದರೆ, ನಿಂತ ಬಸ್ಸಿನ ಹೊಗೆ ಮೂಗಿಗೆ ಬಡಿದರೂ ಅವಳಿಗೆ ಹೊಟ್ಟೆ ತೊಳಸುತ್ತದೆ.

ಅವಳ ತವರು ನಾಗಮಂಗಲದ ಕಡೆ ದೇವಲಾಪುರ. ಮದುವೆ ಮಾಡಿಕೊಂಡು ಕಾರಿನಲ್ಲಿ ಕೆ.ಆರ್. ಪೇಟೆಗೆ ಕರೆತರುವಾಗ ನಾಗಮಂಗಲ ದಾಟುವುದರೊಳಗೆ ಮೂರು ಸಲ ನಿಲ್ಲಿಸಿದೆವು. ಮೂರನೇ ಸಲ ಮದುಮಗಳು ಬಾಸಿಂಗ ಕೈಯಲ್ಲಿ ಹಿಡಿದುಕೊಂಡು ಬೇಲಿ ಪಕ್ಕ ಬಗ್ಗಿದ್ದಾಗ ರಸ್ತೆಯಲ್ಲಿ ಹೋಗುವ ಹೆಂಗಸರು ನಿಂತು ನೋಡತೊಡಗಿದರು. ಕಾರಿನೊಳಗಿಂದ ನಮ್ಮ ಸೋದರತ್ತೆ ತಲೆ ಹೊರಗೆ ಹಾಕಿ, "ಬಿರ್‍ರನೆ ಅತ್ತುಸ್ಕಳ್ಳಾ ಅವಳ್ನ. ಇನ್ನೂ ವಸ್ಲು ತುಳ್ದಿಲ್ಲ, ಆಗ್ಲೇ ಬಸ್ರಿ ಅಂದ್ಕಂಡಾರು!" ಅಂದಳು.

ಆಮೇಲೆ ನನ್ನ ಹೆಂಡತಿ ಅಪರೂಪಕ್ಕೆ ಬಸ್ಸಿನಲ್ಲಿ ತವರಿಗೆ ಹೋಗುವುದು ಬಿಟ್ಟರೆ ಎಲ್ಲಿಗೂ ಹೋಗಲಿಲ್ಲ. ಆ ದಾರಿಯಲ್ಲೂ ನಾನು ಗಳಿಗೆಗೊಮ್ಮೆ ತಿರುಗಿ "ಬಂತಾ?" ಅಂತ ಕೇಳುತ್ತಿದ್ದೆ. ತಿರುಪತಿ ಇಲ್ಲ, ಧರ್ಮಸ್ಥಳ ಇಲ್ಲ. ನೆಂಟರ ಮದುವೆ ಊರೊಳಗಿನ ಛತ್ರದಲ್ಲಿದ್ದರೆ ಹೋಗುತ್ತಿದ್ದಳು, ಇಲ್ಲದಿದ್ದರೆ ಮುಯ್ಯಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅವಳ ಅಕ್ಕನನ್ನು ಪಾಲಹಳ್ಳಿಗೆ ಕೊಟ್ಟಿದೆ. ಅಲ್ಲಿ ನನ್ನ ಷಡ್ಡಕ ಗದ್ದೆ, ಹಸು ಅಂತ ಚೆನ್ನಾಗಿದ್ದಾನೆ. ಗಂಡ ಹೆಂಡತಿ ವರ್ಷಕ್ಕೊಮ್ಮೆ ಎಲ್ಲಾದರೂ ಹೋಗಿ ಬರುತ್ತಾರೆ. ಬಂದವರು ನಮ್ಮ ಮನೆಗೆ ಬಂದು ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ನನ್ನವಳು ಕೊನೆಯ ಫೋಟೋದವರೆಗೂ ನೋಡಿ, "ಚೆಂದಾಗವೆ ಕನಕ್ಕಾ" ಅಂತ ಹೇಳಿ ಕಾಫಿ ಇಡಲು ಒಳಗೆ ಹೋಗುತ್ತಾಳೆ. ಆಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಲೋಕಕ್ಕೆಲ್ಲ ಟಿಕೆಟ್ ಹರಿದು ಕೊಟ್ಟವನು, ಕಟ್ಟಿಕೊಂಡವಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲವಲ್ಲ ಅಂತ.

ಹೋದ ವರ್ಷ ಗಂಡನ ಜೊತೆ ಬಂದ ಅಕ್ಕ, "ಈ ಸಲ ಹಡಗು. ಬಾಂಬೆಯಿಂದ ಹೊಂಟು ಮೂರು ದಿನ ಸಮುದ್ರದ ಮ್ಯಾಲೆ" ಅಂದಳು. ಯಾರೂ ಕೇಳದೆಯೇ ನನ್ನ ಹೆಂಡತಿ, "ನಾನೂ ಬತ್ತೀನಿ" ಅಂದುಬಿಟ್ಟಳು.

ಅವಳು ನನ್ನ ಕಡೆ ತಿರುಗಿ, "ರೈಲಲ್ಲಿ ಎಂಗೋ ಮನೀಕಂಡು ಬತ್ತೀನಿ. ಹಡಗಿಂದು ನೀವು ನೋಡ್ಕಳಿ. ಅಲ್ಲೂ ಇಂಗೇ ಆದ್ರೆ, ಇನ್ನ ಜೀವ್ಮಾನದಾಗೆ ವಸ್ಲು ದಾಟು ಅಂತ ನನ್ನ ಕೇಳ್ಬ್ಯಾಡಿ" ಅಂದಳು.

ಷಡ್ಡಕ ಎಲೆಗೆ ಸುಣ್ಣ ಹಚ್ಚುತ್ತಾ, "ಸಾಮಾನು ಎಷ್ಟು ಬುಟ್ಟಾರು ಅಂತ ಮೊದ್ಲೇ ಕೇಳ್ಕಳ್ಳಾ. ನಿಂಬೆಹಣ್ಣೇ ಒಂದು ಮೂಟೆ ಆಯ್ತದೆ" ಅಂದ.

೩. ಚಕ್ರ ಎಲ್ಲಿದೆ?

ಶ್ರೀರಂಗಪಟ್ಟಣದಲ್ಲಿ ಟಿಕೆಟ್ ಬುಕ್ ಮಾಡುವ ಒಂದು ಸಣ್ಣ ಅಂಗಡಿ. ಕಂಪ್ಯೂಟರ್ ಮುಂದೆ ಒಬ್ಬ ಹುಡುಗಿ. ನನ್ನ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಗಾಳಿ ಮುಖಕ್ಕೆ ಹೊಡೆಯುವುದರಿಂದ ಸ್ಕೂಟರು ಅವಳಿಗೆ ಪರವಾಗಿಲ್ಲ.

ಹುಡುಗಿ ಹಡಗಿನ ನಕ್ಷೆ ತೋರಿಸಿದಳು. ಮಹಡಿ ಮೇಲೆ ಮಹಡಿ, ಜೇನುಗೂಡಿನ ಹಾಗೆ ರೂಮುಗಳು. "ಮೇಡಂಗೆ ತಲೆ ಸುತ್ತುತ್ತೆ ಅಂದ್ರಲ್ಲ ಸರ್, ಹಾಗಿದ್ರೆ ಕೆಳಗಿನ ಮಹಡಿ, ಹಡಗಿನ ಮಧ್ಯಭಾಗ ತಗೊಳ್ಳಿ. ಅಲ್ಲಿ ಅಲುಗಾಟ ಕಡಿಮೆ" ಅಂದಳು.

ನನಗೆ ನಗು ಬಂತು. ಮೂವತ್ತೆರಡು ವರ್ಷ ಸರ್ವೀಸು ಮಾಡಿದವನಿಗೆ ನಿನ್ನೆ ಮೊನ್ನೆ ಕುರ್ಚಿಯಲ್ಲಿ ಕೂತವಳು ಪಾಠ ಹೇಳುತ್ತಾಳೆ!

"ನೋಡಮ್ಮ, ಇದನ್ನ ಓಡಿಸೋನು ಎಲ್ಲಿ ಕೂರ್ತಾನೆ?"

"ಮುಂದೆ ಸರ್, ಮೇಲ್ಗಡೆ."

"ಅವನ ಹಿಂದಿನ ರೂಮು ಕೊಡು. ಕಿಟಕಿ ಇರ್‍ಬೇಕು."

"ಸರ್, ಮುಂದುಗಡೆ ಅಲೆ ಎತ್ತಿ ಎತ್ತಿ ಹಾಕುತ್ತೆ. ಮೇಲೆ ಹೋದಷ್ಟೂ ತೂಗಾಟ ಜಾಸ್ತಿ."

"ಹಿಂದೆ ಕೂತ್ರೆ ಎತ್ತಿ ಹಾಕೋದು ಕಣಮ್ಮ. ಮಧ್ಯದಲ್ಲಿ ಕೂತ್ರೆ ಚಕ್ರ ಕೆಳಗಿರುತ್ತೆ."

"ಸರ್, ಹಡಗಿಗೆ ಚಕ್ರ ಇರಲ್ಲ."

ಅದೊಂದು ಕ್ಷಣ ನಾನು ತಡವರಿಸಿದ್ದು ನಿಜ. ಆದರೆ ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಪಕ್ಕದಲ್ಲಿ ಹೆಂಡತಿ ಕೂತಿದ್ದಳು. "ಅದಿರಲಿ, ಮುಂದಿನದೇ ಬರಿ" ಅಂದೆ. ನಮಗೆ ಮುಂದೆ, ಮೇಲಿನ ಮಹಡಿಯಲ್ಲಿ ಕಿಟಕಿ ರೂಮು. ಅಕ್ಕನಿಗೂ ಷಡ್ಡಕನಿಗೂ ಕೆಳಗೆ, ನಟ್ಟನಡುವೆ ಕಿಟಕಿಯಿಲ್ಲದ ರೂಮು. ಎಲ್ಲಿ ಹಾಕಿದರೂ ನಿದ್ದೆ ಮಾಡುತ್ತೇವೆ ಅಂತ ಅವರು ಮೊದಲೇ ಹೇಳಿದ್ದರು.

ಹೊರಗೆ ಬರುವಾಗ ಹುಡುಗಿ ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. "ಸರ್ ಹಡಗಿನಲ್ಲೇ ಕೆಲಸದಲ್ಲಿದ್ರಾ ಮೇಡಂ?"

"ಅಂಗೇ ಅಂದ್ಕಂಡವ್ರೆ" ಅಂದಳು ನನ್ನವಳು.

೪. ಹರಿಗೋಲಿಗೆ ಮುಂದೆ ಯಾವುದು?

ಹುಡುಗಿ ನನ್ನ ಹೆಂಡತಿಯ ಮನಸ್ಸಿನಲ್ಲಿ ಹುಳ ಬಿಟ್ಟಾಗಿತ್ತು. ನನ್ನ ಮಾತೇ ಸರಿ ಅಂತ ತೋರಿಸಿಕೊಡಲು ಅಂಗಡಿಯಿಂದ ಸೀದಾ ಹೊಳೆಗಳು ಕೂಡುವ ಸಂಗಮಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನೋಡಲು ಬಂದವರನ್ನು ಹರಿಗೋಲಿನಲ್ಲಿ ಸುತ್ತಾಡಿಸುತ್ತಾರೆ. ಹರಿಗೋಲಿನವನು ನನ್ನ ವಯಸ್ಸಿನವನೇ. ಹತ್ತುತ್ತಲೇ, "ಇವಳನ್ನ ಮುಂದ್ಗಡೆ ಕೂರಿಸಬೇಕು ಕಣಪ್ಪ" ಅಂದೆ.

ಅವನು ತನ್ನ ಹರಿಗೋಲನ್ನು ಒಂದು ಸುತ್ತು ನೋಡಿ, "ಇದು ಬುಟ್ಟಿಯಂಗೆ ಗುಂಡುಕ್ಕೈತೆ. ಇದ್ರಲ್ಲಿ ಮುಂದೆ ಯಾವ್ದು ಸಾಮಿ?" ಅಂದ.

ಹೌದಲ್ಲ! ಸರಿ, ಅವನು ಹುಟ್ಟು ಹಾಕುವ ಕಡೆಯೇ ಮುಂದೆ ಅಂತ ನಾನೇ ತೀರ್ಮಾನ ಮಾಡಿ, ಅವಳನ್ನು ಅವನ ಪಕ್ಕ ಅಂಚಿಗೆ ಕೂರಿಸಿದೆ. ನೀರು ಶಾಂತವಾಗಿತ್ತು. ನಾನು ಎರಡು ನಿಮಿಷಕ್ಕೊಮ್ಮೆ ಬಗ್ಗಿ "ಬಂತಾ?" ಅಂತ ಕೇಳುತ್ತಿದ್ದೆ. ಅವಳು ಇಲ್ಲ ಅಂತ ತಲೆಯಾಡಿಸುತ್ತಿದ್ದಳು. ನಡುನೀರಿಗೆ ಬಂದಾಗ ಹರಿಗೋಲಿನವನು ಎಲ್ಲ ಗಿರಾಕಿಗಳಿಗೂ ಮಾಡುವ ಹಾಗೆ ಗಿರಗಿರನೆ ತಿರುಗಿಸಿಬಿಟ್ಟ.

ಅವಳ ಮುಖದ ಬಣ್ಣ ಹೋಯಿತು. ಸೆರಗು ಬಾಯಿಗೆ ಒತ್ತಿಕೊಂಡಳು, ಕಣ್ಣಲ್ಲಿ ನೀರು. ಸುತ್ತ ನೀರು, ನಿಲ್ಲಿಸಲು ಸ್ಟಾಪಿಲ್ಲ, ನನ್ನ ಜೇಬಿನಲ್ಲಿ ಕವರಿಲ್ಲ. ಎಲ್ಲ ಇಲ್ಲಿಗೇ ಮುಗಿಯಿತು, ಇನ್ನು ಇವಳು ಬಾಂಬೆಯ ಮಾತೇ ಎತ್ತುವುದಿಲ್ಲ ಅಂದುಕೊಂಡೆ. "ರಸ್ತೆ ನೋಡು, ರಸ್ತೆ ನೋಡು!" ಅಂತ ಕೂಗಿದೆ.

"ಇಲ್ಲಿ ಎಲ್ಲೈತೆ ರಸ್ತೆ? ಸುಮ್ನಿರಿ ಸಾಮಿ" ಅಂತ ನನ್ನ ಗದರಿಸಿ ಹರಿಗೋಲಿನವನು ಅವಳಿಗೆ, "ಅವ್ವಾ, ಮೆಲ್ಲುಕೆ ಜರುಗ್ಕಂಡು ನಟ್ಟನಡೀಕೆ ಬಾ. ಅಂಚು ಎಷ್ಟು ತಿರುಗುದ್ರೂ ನಡುಮಧ್ಯ ಇದ್ದಂಗೇ ಇರ್ತದೆ. ಬೀಸೋ ಕಲ್ಲು ನೋಡಿಲ್ವಾ? ಗೂಟ ಎಲ್ಲಾದ್ರೂ ಓಡ್ತದಾ?" ಅಂದ.

ಅವಳು ಜರುಗಿ ನಡುವೆ ಬಂದು ಕೂತಳು. ಉಸಿರು ಬಿಟ್ಟಳು. ನಿಧಾನವಾಗಿ ಮುಖಕ್ಕೆ ಬಣ್ಣ ಬಂತು. ದಡಕ್ಕೆ ಬರುವ ಹೊತ್ತಿಗೆ ಅವಳು ನೀರನ್ನೂ ಹಕ್ಕಿಯನ್ನೂ ನೋಡುತ್ತಿದ್ದಳು.

"ಆ ಹುಡ್ಗಿ ಹೇಳಿದ್ದೂ ಇದೇ ಅಲ್ವಾ? ನಡುಗಡೆ ರೂಮೇ ತಕ್ಕಳವ" ಅಂದಳು. ನಾನು ಆಗ ಹೂಂ ಅನ್ನಬೇಕಿತ್ತು. ಆದರೆ ಅಷ್ಟು ಜೋರು ಮಾಡಿ ಬಂದ ಅಂಗಡಿಗೆ ಅರ್ಧ ಗಂಟೆಯಲ್ಲಿ ಬಾಲ ಮುದುರಿಕೊಂಡು ಹೋಗಲು ನನ್ನ ಅಹಂಕಾರ ಬಿಡಲಿಲ್ಲ. "ಹರಿಗೋಲು ಬೇರೆ, ಹಡಗು ಬೇರೆ. ಬರೆಸಿದ್ದಾಯ್ತು ಬಿಡು" ಅಂದೆ. ಅವಳು ಸ್ಕೂಟರಿನಲ್ಲಿ ನನ್ನ ಹೆಗಲು ಬಿಟ್ಟು ಹಿಂದಿನ ಕಂಬಿ ಹಿಡಿದು ಕೂತಳು. ಆಮೇಲೆ ಹೊರಡುವ ದಿನದವರೆಗೂ ಮಾತು ಅಷ್ಟಕ್ಕಷ್ಟೇ.

ಅದಕ್ಕೆ ಮೊದಲು, ದಡದಲ್ಲಿ ನನ್ನ ಕೈಹಿಡಿದು ಇಳಿಸಿದ ಹರಿಗೋಲಿನವನು ಒಂದು ಮಾತು ಕೇಳಿದ. "ಅವ್ವ ಚೆಂದಾಗವ್ಳೆ. ನೀವ್ಯಾಕೆ ಇಂಗೆ ಬೆವರ್ತಾ ಇದೀರಿ ಸಾಮಿ?"

೫. ಸ್ಟಾಪ್ ಇಲ್ಲದ ರೂಟು

ರೈಲಿನಲ್ಲಿ ಮಲಗಿಕೊಂಡೇ ಬಾಂಬೆ ಸೇರಿದಳು. ಹಡಗು ಹತ್ತಿ ರೂಮಿನ ಕೀಲಿ ಕಾರ್ಡುಗಳು ಕೈಗೆ ಬಂದ ಕೂಡಲೇ ಅಕ್ಕ ಮುಂದೆ ಬಂದು ತಮ್ಮ ರೂಮಿನ ಎರಡೂ ಕಾರ್ಡು ಕಿತ್ತುಕೊಂಡಳು. "ನಾನೂ ನನ್ ತಂಗೀನೂ ಕೆಳ್ಗೆ ನಡುಗಡೆ ರೂಮಲ್ಲಿ ಇರ್ತೀವಿ. ನೀವಿಬ್ರು ಗಂಡುಸ್ರು ಮ್ಯಾಕ್ಕೋಗಿ ಡ್ರೈವರ್ ಪಕ್ಕ ಕುಂತ್ಕಳಿ" ಅಂದಳು. ಊರಿನಲ್ಲೇ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದರು ಅನ್ನುವುದು ನನ್ನ ಹೆಂಡತಿ ಬೇರೆ ಕಡೆ ನೋಡುತ್ತಿದ್ದ ರೀತಿಯಲ್ಲೇ ತಿಳಿಯಿತು.

ಸಂಜೆ ಹಡಗು ಹೊರಟಿತು. ದಡ ಮರೆಯಾಗುತ್ತಲೇ ಅಲೆಗಳೆದ್ದವು. ನಮ್ಮ ರೂಮು ಮೇಲಕ್ಕೆ ಹೋಗುತ್ತದೆ, ಅಲ್ಲೇ ಒಂದು ಗಳಿಗೆ ಯೋಚನೆ ಮಾಡುತ್ತದೆ, ಆಮೇಲೆ ದಬಕ್ಕನೆ ಕೆಳಗೆ ಬೀಳುತ್ತದೆ. ಕಿಟಕಿಯಲ್ಲಿ ಒಂದು ಸಲ ಬರೀ ಆಕಾಶ, ಇನ್ನೊಂದು ಸಲ ಬರೀ ನೀರು. ಷಡ್ಡಕ ಮಂಚವನ್ನು ತಬ್ಬಿಕೊಂಡು ಮಲಗಿಬಿಟ್ಟ. ನನಗೆ ನನ್ನ ಚಿಂತೆಯಿಲ್ಲ. ಮೇಲೆ ಹೀಗಾದರೆ ಕೆಳಗೆ ಕಿಟಕಿಯೂ ಇಲ್ಲದ ಕತ್ತಲೆ ರೂಮಿನಲ್ಲಿ ಅವಳ ಗತಿ ಏನು? ಓಡಿದೆ.

ಬಾಗಿಲು ಬಡಿದೆ. ಅಕ್ಕ ಬೆರಳಗಲ ತೆಗೆದಳು.

"ಬಂತಾ?"

"ಬಂದಿಲ್ಲ. ಓಗಿ."

ಹತ್ತು ನಿಮಿಷ ಬಿಟ್ಟು ಮತ್ತೆ ಹೋದೆ. "ಬಂದಿಲ್ಲ ಅಂದ್ನಲ್ಲ ಕಂಡಕ್ಟ್ರೇ" ಅಂದವಳೇ ಮುಖದ ಮೇಲೆ ಬಾಗಿಲು ಹಾಕಿದಳು. ಮೂರನೇ ಸಲ ಹೋದಾಗ ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಒಳಗಿನಿಂದ ನನ್ನ ಹೆಂಡತಿಯ ದನಿ. ಉಸಿರು ಸಿಕ್ಕಿಹಾಕಿಕೊಂಡ ಹಾಗೆ, ಬಿಟ್ಟು ಬಿಟ್ಟು ಬರುವ ಸದ್ದು. ಕಾರುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ. ಇನ್ನು ಇವಳು ಹೊಸ್ತಿಲು ದಾಟುವುದಿಲ್ಲ. ಎರಡೂ ಕೈಯಲ್ಲಿ ಬಾಗಿಲು ಗುದ್ದಿದೆ.

ಬಾಗಿಲು ತೆರೆಯಿತು. ಅಕ್ಕ ತಂಗಿಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಹೆಂಡತಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

"ಏನಾಯ್ತು?" ಅಂದೆ.

"ನೀವು ಇನ್ನ ಹತ್ತು ನಿಮಿಷುಕ್ಕೆ ಬತ್ತೀರಿ ಅಂತ ಅಕ್ಕ ಅಂದ್ಳು. ಒಂಬತ್ತಕ್ಕೇ ಬಂದ್ರಿ" ಅಂದಳು.

ನಾನು ಬಾಗಿಲು ಎಳೆದುಕೊಂಡು ರೂಮುಗಳ ನಡುವಿನ ಉದ್ದನೆಯ ದಾರಿಯಲ್ಲೇ ನಿಂತೆ. ಕಾಲಗಲಿಸಿ, ಹೆಗಲು ಗೋಡೆಗೆ ಕೊಟ್ಟು, ಬಸ್ಸಿನಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತರೆ ನನಗೆ ಏನೂ ಆಗುತ್ತಿರಲಿಲ್ಲ. ನನ್ನ ನಿಲುವು ನೋಡಿ ಹಡಗಿನ ಸಿಬ್ಬಂದಿ ಅಂದುಕೊಂಡು ಯಾರೋ ಬಂದು ಊಟದ ಹಾಲ್ ಎಲ್ಲಿ ಅಂತ ಹಿಂದಿಯಲ್ಲಿ ಕೇಳಿದರು. ನನಗೂ ಗೊತ್ತಿರಲಿಲ್ಲ. ಆದರೂ ಅಭ್ಯಾಸಬಲ, "ಮುಂದೆ ಹೋಗಿ, ಮುಂದೆ ಜಾಗ ಇದೆ" ಅಂತ ಕೈ ತೋರಿಸಿದೆ. ಮೇಲಿನ ರೂಮಿಗೆ ವಾಪಸು ಹೋದಾಗ ಷಡ್ಡಕ ದಿಂಬಿನೊಳಗಿಂದ ಒಂದೇ ಕಣ್ಣು ತೆಗೆದು, "ಲೇ ಕಂಡಕ್ಟ್ರೇ, ದಮ್ಮಯ್ಯ ಅಂತೀನಿ, ಒಂದು ಸೀಟಿ ಊದ್ಲಾ. ನಾನು ಇಲ್ಲೇ ಇಳ್ಕತೀನಿ" ಅಂದ.

೬. ಮುಂದಿನ ಸಲಕ್ಕೆ

ಬೆಳಿಗ್ಗೆ ಎದ್ದು ಕೆಳಗೆ ಹೋದರೆ ಬಾಗಿಲು ಬಡಿದರೂ ಉತ್ತರವಿಲ್ಲ. ಡಾಕ್ಟರ ಹತ್ತಿರ ಒಯ್ದರೋ ಏನೋ ಅಂತ ಮಹಡಿ ಮಹಡಿ ಹುಡುಕಿದೆ. ಕೊನೆಗೆ ತಿಂಡಿಯ ಹಾಲ್‌ನಲ್ಲಿ ಹೆಂಡತಿ ಕಂಡಳು. ಎದುರಿಗೆ ಇಡ್ಲಿಯ ತಟ್ಟೆ, ಪಕ್ಕದಲ್ಲಿ ಅವಳೇ ಖಾಲಿ ಮಾಡಿದ ಇನ್ನೊಂದು ತಟ್ಟೆ. ಆಚೆಗೆ ಸಮುದ್ರ ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಅದನ್ನೇ ನೋಡುತ್ತಾ ತಿನ್ನುತ್ತಿದ್ದಳು.

ಹತ್ತಿರ ಹೋಗಿ ಬಾಯಿ ತೆಗೆಯುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. "ಕೇಳ್ಬ್ಯಾಡಿ" ಅಂದಳು. "ಈಟು ವರ್ಷವೂ ನೀವು ಗಳಿಗ್ಗೊಂದ್ಸಲ ತಿರುಗಿ ಬಂತಾ, ಬಂತಾ ಅಂತ ಕೇಳ್ತಿದ್ರಲ್ಲ, ನೀವು ಕೇಳಿ ಕೇಳೇ ಅರ್ಧ ಬರೋದು. ರಾತ್ರಿ ಬಾಗ್ಲು ಹಾಕ್ಕಂಡು ಮನೀಕಂಡೆ. ನಡುಗಡೆ ರೂಮು ತೊಟ್ಲಂಗಿತ್ತು. ಏನೂ ಆಗ್ನಿಲ್ಲ ಕನ್ರಿ."

ಕೋಪ ಬರಬೇಕಿತ್ತು. ಬರಲಿಲ್ಲ. ಇವಳು ಸಮುದ್ರ ನೋಡುತ್ತಾ ಇಡ್ಲಿ ತಿನ್ನುತ್ತಿದ್ದಾಳಲ್ಲ, ಅಷ್ಟು ಸಾಕು ಅನ್ನಿಸಿ ನನಗೇ ಕಣ್ಣು ತುಂಬಿತು. ಕುರ್ಚಿ ಎಳೆದು ಕೂತೆ. ಅವಳೇ ಒಂದು ಇಡ್ಲಿ ನನ್ನ ಕಡೆ ತಳ್ಳಿದಳು.

ಊರಿಗೆ ಬಂದ ಎರಡು ದಿನಕ್ಕೆ ಆ ಬುಕಿಂಗ್ ಅಂಗಡಿಯ ಹುಡುಗಿ ಫೋನು ಮಾಡಿದಳು. ಪ್ರಯಾಣ ಹೇಗಿತ್ತು, ರೂಮು ಸರಿಯಿತ್ತಾ ಅಂತ. ನಾನು "ಚೆನ್ನಾಗಿತ್ತಮ್ಮ" ಅನ್ನುವುದರೊಳಗೆ ನನ್ನ ಹೆಂಡತಿ ಫೋನು ಕಿತ್ತುಕೊಂಡಳು.

"ಬರೋ ವರ್ಷವೂ ಹೊಂಟಿದೀವಿ ಕಣವ್ವ, ಈಗ್ಲೇ ಬರ್ಕೊ. ನಂಗೆ ನಮ್ಮಕ್ಕುಂಗೆ ಕೆಳ್ಗಿನ ಮಹಡಿ, ನಟ್ಟನಡುವಿನ ರೂಮು."

"ಸರ್‌ಗೆ ಯಾವುದು ಬರೀಲಿ ಮೇಡಂ?"

ಅವಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಅವ್ರಿಗೆ ಯಾವ್ದಾದ್ರೂ ಆಯ್ತದೆ ಕಣವ್ವ. ಬ್ಯಾರೆ ಹಡಗಾದ್ರೂ ಪರ್ವಾಗಿಲ್ಲ."